ಕಂಪನಿ ಮುಳುಗಿತು, ಓಎಸ್ ಉಳೀತು

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ಲ್ಯಾಪ್‌ಟಾಪ್ ಇನ್ನು ಗುಜರಿಗೇನಾ ಅನ್ನೋದು ತುಂಬಾ ಜನರ ಪ್ರಶ್ನೆ. ಲಿನಕ್ಸ್ ಹಾಕ್ಕೊಳ್ಳಿ ಅಂತಾರೆ, ಒಳ್ಳೇ ಸಲಹೆಯೇ. ನಾನು ಮಾತ್ರ ನನ್ನ 4 ಜಿಬಿ ರ‍್ಯಾಮಿನ ಹಳೇ ಯಂತ್ರಕ್ಕೆ ಹೈಕು ಹಾಕಿ ನೋಡಿದೆ. ಜಪಾನಿ ಪದ್ಯ ಅಲ್ಲ ಸ್ವಾಮಿ, ಆಪರೇಟಿಂಗ್ ಸಿಸ್ಟಂ. ಇದರ ಹಿಂದಿರೋ ಕಥೆ ಬಿ.ಕಾಂ ಓದಿದ ನನಗೆ ಕೋಡ್‌ಗಿಂತ ಹೆಚ್ಚಾಗಿ ಲೆಕ್ಕಪುಸ್ತಕದ ಕಥೆಯಾಗಿ ಕಂಡಿತು.

ಆಪಲ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜಾನ್ ಲೂಯಿ ಗಾಸೆ 1990ರಲ್ಲಿ 'ಬಿ' ಅನ್ನೋ ಕಂಪನಿ ಕಟ್ಟಿದರು. 1995ರಲ್ಲಿ ಎರಡು ಪ್ರೊಸೆಸರ್ ಇರೋ ಬೀಬಾಕ್ಸ್ ಕಂಪ್ಯೂಟರ್ ತಂದರು. ಅದರ ಓಎಸ್ಸೇ ಬೀಓಎಸ್. ಹಳೆಯದರ ಹಂಗಿಲ್ಲದೆ ಹೊಸದಾಗಿ ಬರೆದದ್ದು. ಕೆಲಸವನ್ನ ಸಣ್ಣ ಸಣ್ಣ ಎಳೆಗಳಾಗಿ ಬಿಡಿಸಿ ಎರಡೂ ಪ್ರೊಸೆಸರ್‌ಗೆ ಹಂಚುತ್ತಿತ್ತು. ಒಂದು ಕಡೆ ವಿಡಿಯೋ ಓಡ್ತಿದ್ರೂ ಪಕ್ಕದ ವಿಂಡೋ ತಡವರಿಸುತ್ತಿರಲಿಲ್ಲ.

ಅದೇ ಹೊತ್ತಿಗೆ ಆಪಲ್‌ನ ಸ್ವಂತ ಹೊಸ ಓಎಸ್ ಯೋಜನೆ ನೆಲಕಚ್ಚಿತ್ತು. 1996ರಲ್ಲಿ 'ಬಿ'ಯನ್ನೇ ಕೊಳ್ಳೋ ಮಾತುಕತೆ ನಡೀತು, ಬೆಲೆ ಕುದುರಲಿಲ್ಲ. ಡಿಸೆಂಬರ್‌ನಲ್ಲಿ ಆಪಲ್ ಸುಮಾರು 40 ಕೋಟಿ ಡಾಲರ್‌ಗೆ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು ತಗೊಂಡಿತು. ಇವತ್ತಿನ ಐಫೋನ್ ಒಳಗಿರೋದು ಆ ನೆಕ್ಸ್ಟ್‌ನ ಬೇರು. ಚೌಕಾಸಿ ಜಾಸ್ತಿ ಎಳೆದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನನಗೆ ಸಿಕ್ಕಿಲ್ಲ.

'ಬಿ' ಆಮೇಲೆ ಇಂಟೆಲ್ ಪಿಸಿಗಳ ಕಡೆ ತಿರುಗಿತು. ಜಪಾನಿನ ಹಿಟಾಚಿ ತನ್ನ ಕೆಲವು ಪಿಸಿಗಳಲ್ಲಿ ವಿಂಡೋಸ್ ಜೊತೆ ಬೀಓಎಸ್ಸನ್ನೂ ಹಾಕಿತ್ತು. ಆದ್ರೆ ಆನ್ ಮಾಡಿದಾಗ ಅದನ್ನ ಆರಿಸಿಕೊಳ್ಳೋ ಮೆನುವೇ ಕಾಣ್ತಿರಲಿಲ್ಲ! ತಯಾರಕರ ಜೊತೆ ಮೈಕ್ರೋಸಾಫ್ಟ್ ಮಾಡಿಕೊಂಡ ಒಪ್ಪಂದಗಳೇ ತನ್ನ ದಾರಿ ಮುಚ್ಚಿದವು ಅಂತ 'ಬಿ' 2002ರಲ್ಲಿ ಕೋರ್ಟಿಗೆ ಹೋಯಿತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳದೆಯೇ 2 ಕೋಟಿ 32 ಲಕ್ಷ ಡಾಲರ್ ಚಿಲ್ಲರೆ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟೊತ್ತಿಗೆ ತಂತ್ರಜ್ಞಾನವೆಲ್ಲ ಪಾಮ್ ಕಂಪನಿ ಪಾಲಾಗಿತ್ತು. 2001ರಲ್ಲಿ ಬರೀ 1 ಕೋಟಿ 10 ಲಕ್ಷ ಡಾಲರ್‌ಗೆ ಮಾರಾಟ! ಅಂದ್ರೆ ಕೋರ್ಟಿನಿಂದ ಬಂದ ದುಡ್ಡು ಸರಕಿನ ಬೆಲೆಯ ದುಪ್ಪಟ್ಟು.

ನಿಜವಾದ ನಷ್ಟ ಬಳಕೆದಾರರಿಗೆ. ಫೈಲ್ ತೋರಿಸೋ ಟ್ರ್ಯಾಕರ್, ಮೂಲೇಲಿ ಕೂರೋ ಡೆಸ್ಕ್‌ಬಾರ್, ಇವೆರಡರ ಮೂಲ ಕೋಡ್ ಮಾತ್ರ 'ಬಿ' ಮೊದಲೇ ಬಿಟ್ಟುಕೊಟ್ಟಿತ್ತು. ಉಳಿದದ್ದು ಬೀಗದೊಳಗೆ. ಅದಕ್ಕೇ 2001ರಲ್ಲೇ ಅಭಿಮಾನಿಗಳು 'ಓಪನ್‌ಬೀಓಎಸ್' ಅಂತ ಶುರು ಮಾಡಿ, ಉಳಿದದ್ದನ್ನೆಲ್ಲ ಹೊಸದಾಗಿ ಬರೆಯೋಕೆ ಕೂತರು. ಹೆಸರಿನ ಹಕ್ಕು ಪಾಮ್‌ದು, ಹಾಗಾಗಿ 2004ರಲ್ಲಿ 'ಹೈಕು' ಅಂತಾಯ್ತು. ಬೀಓಎಸ್ ಬ್ರೌಸರ್ ತನ್ನ ಎರರ್ ಸಂದೇಶಗಳನ್ನ ಹೈಕು ರೂಪದಲ್ಲೇ ಕೊಡ್ತಿತ್ತು, ಅದರ ನೆನಪು.

ಕಾಲ ಎಷ್ಟು ಹಿಡೀತು ಅಂದ್ರೆ, ಮೊದಲ ಆಲ್ಫಾ 2009ರಲ್ಲಿ, ಮೊದಲ ಬೀಟಾ 2018ರಲ್ಲಿ, ಐದನೇ ಬೀಟಾ 2024ರಲ್ಲಿ. ಎಂಐಟಿ ಲೈಸೆನ್ಸ್ ಇರೋದ್ರಿಂದ ಈಗ ಯಾವ ಕಂಪನಿ ಮುಳುಗಿದ್ರೂ ಕೋಡ್ ಎಲ್ಲರ ಕೈಯಲ್ಲಿರುತ್ತೆ.

ನನ್ನ ಯಂತ್ರದಲ್ಲಿ ಅದು ಕ್ಷಣದಲ್ಲಿ ತೆರೆದುಕೊಂಡಿತು, ವಿಂಡೋಗಳು ಹಗುರ. ವೈಫೈ ಮಾತ್ರ ಹಿಡೀಲಿಲ್ಲ, ಕೇಬಲ್ ಹಾಕಿದೆ. ದಿನನಿತ್ಯದ ಕೆಲಸವನ್ನೆಲ್ಲ ಇದರ ಮೇಲೇ ಬಿಡಿ ಅಂತ ನಾನು ಹೇಳಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ್ರೆ ಮೊದಲ ಪರದೆಯಲ್ಲೇ ಇನ್‌ಸ್ಟಾಲ್ ಮಾಡದೆ ಪ್ರಯತ್ನಿಸೋ ಆಯ್ಕೆ ಇದೆ. ಅದನ್ನ ಒತ್ತಿದ್ರೆ ಲ್ಯಾಪ್‌ಟಾಪಿನಲ್ಲಿರೋ ಫೈಲು, ಫೋಟೋ ಇದ್ದಲ್ಲೇ ಇರ್ತವೆ.