ಧೂಮಕೇತುವಿನ ಮರುದಿನ

ಅಮೆರಿಕದ ಕರಿಯರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಹೋಲಿಕೆ ಕಂಡು 1946ರಲ್ಲಿ ಬಾಬಾಸಾಹೇಬರು ಕಾಗದ ಬರೆದದ್ದು ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ. ಆ ಹೋರಾಟಗಾರ ವಿಜ್ಞಾನ ಕತೆಯನ್ನೂ ಬರೆದಿದ್ದರು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1920ರ 'ದಿ ಕಾಮೆಟ್' ಕತೆಯಲ್ಲಿ ಧೂಮಕೇತುವಿನ ವಿಷಗಾಳಿಗೆ ನ್ಯೂಯಾರ್ಕ್ ಸಾಯುತ್ತದೆ. ಅಪಾಯವೆಂದು ಬೇರೆಯವರನ್ನು ಕಳಿಸದ ನೆಲಮಾಳಿಗೆಗೆ ಬ್ಯಾಂಕಿನವರು ಅಟ್ಟಿದ್ದ ಕರಿಯ ಜವಾನ ಬದುಕುತ್ತಾನೆ. ಒಬ್ಬ ಬಿಳಿ ಶ್ರೀಮಂತ ಹೆಣ್ಣೂ ಬದುಕುತ್ತಾಳೆ. ನೋಡುವವರಿಲ್ಲದ ಊರಲ್ಲಿ ಇಬ್ಬರೂ ಬರೀ ಮನುಷ್ಯರು. ನಗರದಾಚೆಯಿಂದ ಅವಳ ಅಪ್ಪ ಬಂದದ್ದೇ ತಡ, ಬಣ್ಣದ ಗೆರೆಯೂ ಬಂತು. ಪ್ರಳಯಕ್ಕೂ ಮಡಿ ಮುಳುಗಲಿಲ್ಲ!

2000ದಲ್ಲಿ ಶೆರೀ ಥಾಮಸ್ ಕರಿಯರ ಇಂಥ ಬರಹಗಳನ್ನು ಹುಡುಕಿ 'ಡಾರ್ಕ್ ಮ್ಯಾಟರ್' ಸಂಕಲನ ತಂದಾಗ ಈ ಕತೆ ಹೊಸ ಓದುಗರಿಗೆ ಸಿಕ್ಕಿತು. ಅದೇ ಸಂಕಲನದಲ್ಲಿ ಸ್ಯಾಮ್ಯುಯೆಲ್ ಡಿಲೇನಿ ದಾಖಲಿಸಿದ್ದಾರೆ: 1968ರಲ್ಲಿ ಪುಸ್ತಕವಾದ ಅವರ 'ನೋವಾ' ಕಾದಂಬರಿಯನ್ನು ಅದಕ್ಕೂ ಮೊದಲು 'ಅನಲಾಗ್' ಪತ್ರಿಕೆ ವಾಪಸ್ ಕಳಿಸಿತ್ತು, ಕರಿಯ ನಾಯಕನನ್ನು ಓದುಗರು ಒಪ್ಪಲಾರರಂತೆ. ನಕ್ಷತ್ರಲೋಕದಲ್ಲೂ ಊರು ಬೇರೆ, ಕೇರಿ ಬೇರೆ.

ಆಕ್ಟೇವಿಯಾ ಬಟ್ಲರ್ ಅವರ 'ಕಿಂಡ್ರೆಡ್' (1979) ಇನ್ನೂ ಹರಿತ. 1976ರ ಕರಿಯ ಹೆಣ್ಣುಮಗಳನ್ನು ಕಾಲ ಗುಲಾಮಗಿರಿಯ ದಿನಗಳಿಗೆ ಎಳೆದೊಯ್ಯುತ್ತದೆ. ಹಿಂದಕ್ಕೆ ಹೋಗೋದು ಅಂದರೆ ಅವಳಿಗೆ ಚಾಟಿಯ ಕೆಳಗೆ ಹೋಗೋದು. ಕೊನೆಗೆ ಒಂದು ತೋಳು ಕಳಕೊಂಡು ಬರುತ್ತಾಳೆ. 'ಭವ್ಯ ಪರಂಪರೆ'ಗೆ ಮರಳೋಣ ಎನ್ನುವವರನ್ನು ನಾವು ಕೇಳಬೇಕಾದದ್ದೂ ಇದೇ: ಅಲ್ಲಿ ನಮ್ಮ ಜಾಗ ಯಾವುದು? ನಾಳೆಯ ಕತೆ ಕಟ್ಟುವವರನ್ನೂ ಇದನ್ನೇ ಕೇಳಬೇಕು.