ಜಾನ್ ಬಾನಮ್: ಒಬ್ಬ ರಾಕ್ ಡ್ರಮ್ ವಾದಕನ ಜೀವನ ಮತ್ತು ವಾದನ

ಸಂಗೀತದ ಚರಿತ್ರೆಯನ್ನು ಬರೆಯುವವರು ಗಾಯಕರನ್ನೂ ರಚನಕಾರರನ್ನೂ ಕುರಿತು ಬರೆದಷ್ಟು ಲಯವಾದ್ಯಗಾರರನ್ನು ಕುರಿತು ಬರೆಯುವುದಿಲ್ಲ. ಇದಕ್ಕೆ ಕಾರಣವುಂಟು. ಹಾಡಿನ ಸಾಹಿತ್ಯ ಉಳಿಯುತ್ತದೆ, ಧಾಟಿ ಉಳಿಯುತ್ತದೆ. ಹೊಡೆದ ಪೆಟ್ಟು ಆ ಗಳಿಗೆಯಲ್ಲಿಯೇ ಅಡಗಿಹೋಗುತ್ತದೆ. ಆದರೆ ಧ್ವನಿಮುದ್ರಣ ಬೆಳೆದ ಮೇಲೆ ಈ ನೆಪ ಸಲ್ಲದು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಹಾರ್ಡ್ ರಾಕ್ ಎಂಬ ಸಂಗೀತಪ್ರಕಾರದ ಡ್ರಮ್ ವಾದಕರಲ್ಲಿ ಅಗ್ರಗಣ್ಯನೆಂದು ಹೆಸರಾದವನು ಜಾನ್ ಬಾನಮ್ (1948–1980). ಅವನ ವಾದನದ ಮುದ್ರಿಕೆಗಳು ಹೇರಳವಾಗಿ ದೊರೆಯುತ್ತವೆ. ಆದರೂ ಅವನನ್ನು ಕುರಿತು ಪ್ರಚಾರದಲ್ಲಿರುವುದರಲ್ಲಿ ಬಹುಪಾಲು ದಂತಕಥೆಗಳೇ. ಅವನು ಡ್ರಮ್ಮನ್ನು ಒಡೆಯುವಂತೆ ಬಾರಿಸುತ್ತಿದ್ದನು, ತೋಳಿನ ಬಲವೇ ಅವನ ಕಲೆ ಎಂಬ ಮಾತು ರೂಢಿಯಲ್ಲಿ ಬೇರೂರಿಬಿಟ್ಟಿದೆ. ಈ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಅವನ ಜೀವನಕ್ರಮದೊಡನೆ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಬಾನಮನು 1948ನೆಯ ಇಸವಿ ಮೇ 31ರಂದು ವುಸ್ಟರ್‌ಷೈರ್ ಪ್ರಾಂತದ ರೆಡಿಚ್ ಎಂಬ ಊರಿನಲ್ಲಿ ಹುಟ್ಟಿದನು. ರೆಡಿಚ್ ಒಂದು ಕಾಲದಲ್ಲಿ ಸೂಜಿಗಳ ತಯಾರಿಕೆಗೆ ಲೋಕಪ್ರಸಿದ್ಧವಾಗಿದ್ದ ಕಸುಬುದಾರರ ಊರು. ತಂದೆ ಬಡಗಿಯ ಕೆಲಸವನ್ನೂ ಮನೆ ಕಟ್ಟಿಸುವ ಕೆಲಸವನ್ನೂ ಮಾಡುತ್ತಿದ್ದನು. ಮಗನೂ ಶಾಲೆ ಬಿಟ್ಟ ಮೇಲೆ ಕೆಲಕಾಲ ತಂದೆಯ ಕೈಕೆಳಗೆ ಮರಗೆಲಸ ಕಲಿತನು. ಐದನೆಯ ವಯಸ್ಸಿನಲ್ಲಿ ಕಾಫಿ ಡಬ್ಬಗಳನ್ನು ಬಾರಿಸುತ್ತಿದ್ದನೆಂದೂ, ಹತ್ತನೆಯ ವಯಸ್ಸಿನಲ್ಲಿ ತಾಯಿ ಅವನಿಗೊಂದು ಸ್ನೇರ್ ಡ್ರಮ್ ಕೊಡಿಸಿದಳೆಂದೂ, ಪೂರ್ಣವಾದ ವಾದ್ಯ ಅವನ ಕೈಸೇರಿದ್ದು ಹದಿನೈದರಲ್ಲೆಂದೂ ತಿಳಿದುಬರುತ್ತದೆ. ಗುರುಮುಖೇನ ಪಾಠವಾಗಲಿಲ್ಲ. ಜೀನ್ ಕ್ರೂಪಾ, ಬಡಿ ರಿಚ್, ಮ್ಯಾಕ್ಸ್ ರೋಚ್ ಮೊದಲಾದ ಅಮೆರಿಕದ ಜಾಸ್ ವಾದಕರ ಮುದ್ರಿಕೆಗಳೇ ಅವನಿಗೆ ಆಚಾರ್ಯರು. ಈ ಅಂಶವನ್ನು ಮರೆತವರೇ ಅವನನ್ನು ಕೇವಲ ಬಲಶಾಲಿಯೆಂದು ಬಣ್ಣಿಸುವವರು.

ಮುಂದಿನ ನಾಲ್ಕಾರು ವರ್ಷ ಅವನು ಬರ್ಮಿಂಗ್‌ಹ್ಯಾಮ್ ಸುತ್ತಿನ ಹಲವು ಸಣ್ಣ ಮೇಳಗಳಲ್ಲಿ ಬಾರಿಸಿದನು. ಆ ಹೆಸರುಗಳ ಪಟ್ಟಿಯಿಂದ ಇಲ್ಲಿ ಪ್ರಯೋಜನವಿಲ್ಲ. ಅತಿಯಾದ ಸದ್ದಿನಿಂದಾಗಿ ಅವನ ವಾದನವನ್ನು ಮುದ್ರಿಸಲಾಗದೆಂದು ಒಂದು ಮುದ್ರಣಶಾಲೆಯವರು ಅವನನ್ನು ಹಿಂದಕ್ಕೆ ಕಳುಹಿಸಿದರೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಥೆ ಸೊಗಸಾಗಿದೆ, ಪ್ರಮಾಣವೆಂದು ಅದನ್ನು ಎಣಿಸಲಾಗದು. ಈ ದಿನಗಳಲ್ಲಿಯೇ ರಾಬರ್ಟ್ ಪ್ಲಾಂಟ್ ಎಂಬ ಗಾಯಕನ ಸ್ನೇಹ ಒದಗಿತು. 1968ರಲ್ಲಿ ಯಾರ್ಡ್‌ಬರ್ಡ್ಸ್ ಮೇಳದ ಗಿಟಾರ್ ವಾದಕ ಜಿಮ್ಮಿ ಪೇಜ್ ಹೊಸ ಮೇಳವೊಂದನ್ನು ಕಟ್ಟುತ್ತಿದ್ದಾಗ ಪ್ಲಾಂಟನೇ ಗೆಳೆಯನ ಹೆಸರನ್ನು ಸೂಚಿಸಿದನು. ಆಗ ಬಾನಮನು ಟಿಮ್ ರೋಸ್ ಎಂಬ ಅಮೆರಿಕದ ಗಾಯಕನೊಡನೆ ಸಂಚಾರದಲ್ಲಿದ್ದು ನಿಯತವಾದ ವಾರದ ವೇತನ ಪಡೆಯುತ್ತಿದ್ದನು. ಹೆಂಡತಿ, ಎರಡು ವರ್ಷದ ಮಗ ಇದ್ದ ಸಂಸಾರಿ. ಹೆಸರಿಲ್ಲದ ಮೇಳಕ್ಕಾಗಿ ಕೈಯಲ್ಲಿರುವ ಕೂಲಿಯನ್ನು ಬಿಡಲು ಅವನು ಹಿಂದುಮುಂದು ನೋಡಿದ್ದು ಸಹಜವೇ. ಕೊನೆಗೆ ಒಪ್ಪಿದನು. ಜಾನ್ ಪಾಲ್ ಜೋನ್ಸ್ ಎಂಬ ಬ್ಯಾಸ್ ವಾದಕನೂ ಸೇರಿ ನಾಲ್ವರಾದ ಈ ಮೇಳ ಅದೇ ಸೆಪ್ಟೆಂಬರ್ 7ರಂದು ಡೆನ್ಮಾರ್ಕಿನಲ್ಲಿ ಮೊದಲ ಕಚೇರಿ ನಡೆಸಿ, ಕೆಲವು ವಾರಗಳ ತರುವಾಯ ಲೆಡ್ ಜೆಪ್ಲಿನ್ ಎಂಬ ಹೆಸರನ್ನು ಧರಿಸಿತು.

1969ರ ಜನವರಿಯಲ್ಲಿ ಹೊರಬಂದ ಮೊದಲ ಸಂಪುಟದ ಮೊದಲ ಹಾಡಿನಲ್ಲಿಯೇ ಬಾನಮನ ವೈಶಿಷ್ಟ್ಯ ಗೋಚರವಾಗುತ್ತದೆ. ಬ್ಯಾಸ್ ಡ್ರಮ್ ಎಂಬುದು ಪಾದದಿಂದ ತುಳಿದು ನುಡಿಸುವ ದೊಡ್ಡ ವಾದ್ಯ. ಸಾಮಾನ್ಯವಾಗಿ ಅದು ತಾಳದ ಮುಖ್ಯ ಪೆಟ್ಟನ್ನು ಹಿಡಿದಿರುತ್ತದೆ. ಇಲ್ಲಿಯಾದರೋ ಅವನ ಬಲಪಾದ ಬೆರಳುಗಳಂತೆ ಚುರುಕಾಗಿ ಮೂರರ ಗತಿಯಲ್ಲಿ ಜೋಡಿಪೆಟ್ಟುಗಳನ್ನು ಹಾಕುತ್ತದೆ. ಕೇಳಿದವರಲ್ಲಿ ಅನೇಕರು ಇವನ ಬಳಿ ಎರಡು ಬ್ಯಾಸ್ ಡ್ರಮ್‌ಗಳಿರಬೇಕೆಂದು ಭ್ರಮಿಸಿದರು. ಇದು ತೋಳ್ಬಲದ ಮಾತಲ್ಲ.

ಇನ್ನು ಅವನ ಪ್ರಸಿದ್ಧ ಘೋಷದ ವಿಚಾರ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಆ ಕಾಲದ ಡ್ರಮ್ ವಾದಕರಲ್ಲಿ ಹೆಚ್ಚಿನವರು 22 ಅಂಗುಲ ಅಡ್ಡಳತೆಯ ಬ್ಯಾಸ್ ಡ್ರಮ್ಮನ್ನು ಬಳಸುತ್ತಿದ್ದರೆ ಬಾನಮನದು 26 ಅಂಗುಲದ್ದು. ಧ್ವನಿಮುದ್ರಣಶಾಲೆಗಳಲ್ಲಿ ಡ್ರಮ್ಮಿನೊಳಗೆ ಬಟ್ಟೆ, ಕಂಬಳಿ ತುರುಕಿ ನಾದವನ್ನು ಮೊಟಕುಗೊಳಿಸಿ, ಮೈಕ್ರೊಫೋನನ್ನು ವಾದ್ಯದ ಮುಖಕ್ಕೇ ಹಿಡಿಯುವುದು ವಾಡಿಕೆಯಾಗುತ್ತಿತ್ತು. ಅವನು ಚರ್ಮವನ್ನು ಬಿಗಿಯಾಗಿ ಏರಿಸಿ, ನಾದ ತನ್ನಷ್ಟಕ್ಕೆ ಮೊಳಗಿ ಅಡಗುವಂತೆ ಬಿಡುತ್ತಿದ್ದನು. ಮರದ ಗುಣವನ್ನು ಬಲ್ಲವನ ನಡೆ ಇದು ಎಂದು ನಮಗೆ ತೋರುತ್ತದೆ. ಹ್ಯಾಂಪ್‌ಷೈರ್ ಪ್ರಾಂತದಲ್ಲಿ 1795ರಲ್ಲಿ ಬಡವರ ಆಶ್ರಯಗೃಹವಾಗಿ ಕಟ್ಟಲ್ಪಟ್ಟ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ ಮೇಳದವರು ನಾಲ್ಕನೆಯ ಸಂಪುಟಕ್ಕಾಗಿ ಬಿಡಾರ ಮಾಡಿದ್ದಾಗ ಇದರ ಪೂರ್ಣ ಫಲ ದೊರೆಯಿತು. ಬಾನಮನ ವಾದ್ಯವನ್ನು ಎತ್ತರವಾದ ನಡುಮನೆಯಲ್ಲಿ, ಮಹಡಿಮೆಟ್ಟಿಲ ಬುಡದಲ್ಲಿ ಇರಿಸಲಾಯಿತು. ಮುದ್ರಣತಜ್ಞ ಆಂಡಿ ಜಾನ್ಸ್ ಎರಡೇ ಮೈಕ್ರೊಫೋನುಗಳನ್ನು ಮೇಲಿನ ಮಹಡಿಯ ಕಟಾಂಜನದಿಂದ ಇಳಿಬಿಟ್ಟನು. ಬ್ಯಾಸ್ ಡ್ರಮ್ಮಿಗೆಂದು ಬೇರೆ ಮೈಕ್ರೊಫೋನ್ ಇಡಲಿಲ್ಲ. ಹೀಗೆ ಮುದ್ರಿತವಾದದ್ದು ‘ವೆನ್ ದ ಲೆವಿ ಬ್ರೇಕ್ಸ್’. 1927ರ ಮಿಸಿಸಿಪಿ ಮಹಾಪೂರವನ್ನು ಕುರಿತು ಮೆಂಫಿಸ್ ಮಿನ್ನಿ ಮತ್ತು ಕಾನ್ಸಸ್ ಜೋ ಮೆಕಾಯ್ 1929ರಲ್ಲಿ ಮುದ್ರಿಸಿದ್ದ ಬ್ಲೂಸ್ ಹಾಡಿನ ಪುನಾರಚನೆ ಇದು. ಇದರ ಆರಂಭದ ಡ್ರಮ್ ನಾದವನ್ನು ಕೇಳಿದವರು ದೈತ್ಯನೊಬ್ಬ ಬಾರಿಸುತ್ತಿದ್ದಾನೆಂದು ಭಾವಿಸುತ್ತಾರೆ. ವಸ್ತುತಃ ನಾವು ಕೇಳುತ್ತಿರುವುದು ಒಬ್ಬ ಮನುಷ್ಯನ ಪೆಟ್ಟಿನೊಡನೆ ಒಂದು ಮನೆಯ ಗೋಡೆಗಳ ಮಾರ್ದನಿಯನ್ನು. ಸಾಲದುದಕ್ಕೆ ಪ್ರತಿಧ್ವನಿಯಂತ್ರದ ಸಹಾಯವೂ ಇತ್ತು. ಮುದ್ರಿತ ನಾದವನ್ನು ಮೂಲಕ್ಕಿಂತ ನಿಧಾನವಾಗಿ ಓಡಿಸಿ ಮತ್ತಷ್ಟು ಭಾರಗೊಳಿಸಲಾಯಿತು. ಪೆಟ್ಟು ಪೆಟ್ಟಿನ ನಡುವೆ ಮಾರ್ದನಿ ತುಂಬಲು ಅವಕಾಶ ಬೇಕಷ್ಟೆ. ಆ ಅವಕಾಶವನ್ನು ಬಿಟ್ಟುಕೊಟ್ಟವನು ವಾದಕ. ಬಾರಿಸದೆ ಇರಬಲ್ಲವನಾದ್ದರಿಂದಲೇ ಅವನ ವಾದನ ಅಷ್ಟು ದೊಡ್ಡದಾಗಿ ಕೇಳಿಸುತ್ತದೆ.

1975ರ ‘ಕಾಶ್ಮೀರ್’ ಎಂಬ ಹಾಡು ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. (ಹಾಡಿಗೆ ಪ್ರೇರಣೆ ಮೊರಾಕ್ಕೊ ದೇಶದ ಮರುಭೂಮಿಯ ದಾರಿಯೇ ಹೊರತು ನಮ್ಮ ಕಾಶ್ಮೀರವಲ್ಲ.) ಗಿಟಾರಿನ ಪಲುಕು ಮೂರು ಎಣಿಕೆಯದು, ಡ್ರಮ್ಮಿನದು ನಾಲ್ಕು ಎಣಿಕೆ. ಎರಡೂ ತಂತಮ್ಮ ದಾರಿಯಲ್ಲಿ ನಡೆದು 12 ಎಣಿಕೆಗೊಮ್ಮೆ ಸಂಧಿಸುತ್ತವೆ. ಮೃದಂಗದ ತನಿಯಾವರ್ತನದಲ್ಲಿ ಮೂರರ ಗುಂಪುಗಳನ್ನು ಆದಿತಾಳದ ಮೇಲೆ ಹೆಣೆಯುವುದನ್ನು ಕೇಳಿಬಲ್ಲ ನಮ್ಮವರಿಗೆ ಇದು ಹೊಸದೆನಿಸದು. ಆದರೆ ಇಲ್ಲಿ ಲಯವಾದ್ಯವೇ ಅಲುಗದೆ ನಿಂತು, ಹೆಣಿಗೆಯ ಚಮತ್ಕಾರವನ್ನು ಇತರರಿಗೆ ಬಿಟ್ಟುಕೊಟ್ಟಿದೆ. ಪ್ರಸಂಗವಶಾತ್ ಹೇಳುವುದಾದರೆ, 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಮುಂಬಯಿಗೆ ಬಂದು ಅಲ್ಲಿಯ ವಾದ್ಯಗಾರರೊಡನೆ ತಮ್ಮ ಎರಡು ಹಾಡುಗಳನ್ನು ಮುದ್ರಿಸಿದರು. ಅವುಗಳಲ್ಲಿ ಒಂದು, ಬಾನಮನು ಕೈಗೆರಡರಂತೆ ನಾಲ್ಕು ಕೋಲುಗಳನ್ನು ಹಿಡಿದು ಬಾರಿಸಿದ್ದರಿಂದ ‘ಫೋರ್ ಸ್ಟಿಕ್ಸ್’ ಎಂದು ಹೆಸರು ಪಡೆದದ್ದು. ಮುಂಬಯಿಗೆ ಬಾನಮನು ಬಂದಿರಲಿಲ್ಲ. ಆ ಮುದ್ರಿಕೆ ಅಧಿಕೃತವಾಗಿ ಪ್ರಕಟವಾದದ್ದು 2015ರಲ್ಲಿ. ಎರಡನ್ನೂ ಒಟ್ಟಿಗೆ ಕೇಳುವುದು ವಿದ್ಯಾರ್ಥಿಗಳಿಗೆ ಉಪಯುಕ್ತವಾದೀತು.

ಕಚೇರಿಗಳ ಬಾನಮನಾದರೋ ಬೇರೆ. ‘ಮೋಬಿ ಡಿಕ್’ ಎಂಬ ರಚನೆಯಲ್ಲಿ ಉಳಿದ ಮೂವರೂ ವೇದಿಕೆ ಬಿಟ್ಟು ಹೋಗುವರು. ಅವನೊಬ್ಬನೇ ಕೆಲವೊಮ್ಮೆ 20 ನಿಮಿಷಕ್ಕೂ ಮೀರಿ, ನಡುವೆ ಕೋಲುಗಳನ್ನೆಸೆದು ಬರಿಗೈಯಿಂದ ಬಾರಿಸುವನು. 1973ರ ಮೇ 5ರಂದು ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ 56,800 ಮಂದಿ ಈ ಮೇಳವನ್ನು ಕೇಳಲು ನೆರೆದಿದ್ದರು. ಇಷ್ಟು ಜನರ ಕೂಗಿನಿಂದ ಹೊರಟು ಅಪರಿಚಿತ ಊರಿನ ಹೋಟೆಲಿನ ಕೋಣೆಗೆ ಹಿಂದಿರುಗುವ ಜೀವನ ಅವನಿಗೆ ಒಗ್ಗಲಿಲ್ಲ. ಊರಿನ ಕಡೆ ಹೊಲ ಕೊಂಡು ಹೆರಿಫೋರ್ಡ್ ತಳಿಯ ದನಗಳನ್ನು ಸಾಕಿದ್ದನು. 1976ರಲ್ಲಿ ತೆರೆಕಂಡ ಮೇಳದ ಚಲನಚಿತ್ರದಲ್ಲಿ ಅವನು ಆ ಹೊಲದಲ್ಲಿಯೂ, ಪುಟ್ಟ ಡ್ರಮ್ ಬಾರಿಸುತ್ತಿರುವ ಮಗ ಜೇಸನ್ನನ ಪಕ್ಕದಲ್ಲಿಯೂ ಕಾಣಿಸುತ್ತಾನೆ. ಸಂಚಾರದಲ್ಲಿ ಮದ್ಯ ಅವನನ್ನು ಹಿಡಿಯಿತು. ಕುಡಿದಾಗ ಅವನು ಕ್ರೂರಿಯಾಗುತ್ತಿದ್ದನೆಂಬುದನ್ನು ಅವನ ಆಪ್ತರೂ ಅಲ್ಲಗಳೆದಿಲ್ಲ. 1977ರ ಜುಲೈಯಲ್ಲಿ ಓಕ್‌ಲೆಂಡ್ ನಗರದಲ್ಲಿ ಕಚೇರಿಯ ವ್ಯವಸ್ಥಾಪಕರ ಸಿಬ್ಬಂದಿಯ ಮೇಲೆ ನಡೆದ ಹಲ್ಲೆಯ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾದವರಲ್ಲಿ ಅವನೂ ಒಬ್ಬ, ಶಿಕ್ಷೆಯನ್ನು ಅಮಾನತಿನಲ್ಲಿರಿಸಲಾಯಿತು. ವಾದನದಲ್ಲಿದ್ದ ಸಂಯಮ ಬಾಳಿನಲ್ಲಿಯೂ ಇತ್ತೆಂದು ನಾವು ಸಾಧಿಸಹೊರಟಿಲ್ಲ.

1980ರ ಜೂನ್ 27ರಂದು ನ್ಯೂರೆಂಬರ್ಗಿನಲ್ಲಿ ಮೂರನೆಯ ಹಾಡು ಮುಗಿಯುತ್ತಲೇ ಅವನು ಕುಸಿದುದರಿಂದ ಕಚೇರಿ ನಿಂತಿತು. ಜುಲೈ 7ರಂದು ಬರ್ಲಿನ್ನಿನಲ್ಲಿ ಕಡೆಯ ಕಚೇರಿ. ಸೆಪ್ಟೆಂಬರ್ 24ರಂದು, ಮತ್ತೊಮ್ಮೆ ಅಮೆರಿಕಕ್ಕೆ ಹೊರಡುವ ಸಿದ್ಧತೆಯ ಅಭ್ಯಾಸಕ್ಕೆಂದು ಬಂದವನು ದಿನವಿಡೀ ಕುಡಿದು, ರಾತ್ರಿ ವಿಂಡ್ಸರ್ ಸಮೀಪದಲ್ಲಿದ್ದ ಪೇಜನ ಮನೆಯಲ್ಲಿ ಮಲಗಿದನು. ಮರುದಿನ ಸತ್ತಿರುವುದು ಕಂಡುಬಂದಿತು. ಸುಮಾರು 40 ಅಳತೆಯಷ್ಟು ವೋಡ್ಕಾ ಕುಡಿದು, ನಿದ್ರೆಯಲ್ಲಿ ವಾಂತಿಯಾಗಿ ಉಸಿರುಗಟ್ಟಿ ಆದ ಆಕಸ್ಮಿಕ ಮರಣವೆಂದು ಮರಣವಿಚಾರಣೆಯಲ್ಲಿ ತೀರ್ಮಾನವಾಯಿತು. ವಯಸ್ಸು 32.

ಉಳಿದ ಮೂವರು ಬೇರೊಬ್ಬ ವಾದಕನನ್ನು ಹುಡುಕಲಿಲ್ಲ. ಮೇಳ ಇನ್ನು ಮುಂದುವರಿಯದೆಂದು ಡಿಸೆಂಬರ್ 4ರಂದು ಪ್ರಕಟಿಸಿದರು. ಹೆಡ್ಲಿ ಗ್ರೇಂಜಿನ ಆ ನಡುಮನೆಯ ನಾದ ಮಾತ್ರ ವಾದಕನಿಲ್ಲದೆಯೇ ಮುಂದುವರಿಯಿತು: 1986ರಲ್ಲಿ ನ್ಯೂಯಾರ್ಕಿನ ಬೀಸ್ಟಿ ಬಾಯ್ಸ್ ಮೇಳ ‘ವೆನ್ ದ ಲೆವಿ ಬ್ರೇಕ್ಸ್’ ಹಾಡಿನ ಡ್ರಮ್ ಭಾಗವನ್ನು ಕತ್ತರಿಸಿ ತಮ್ಮ ಹಾಡಿಗೆ ಅಡಿಪಾಯ ಮಾಡಿಕೊಂಡಿತು, ಆಮೇಲೆ ಹಾಗೆ ಮಾಡಿದವರು ಹಲವರು. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಮೂವರೂ ಮತ್ತೆ ಪೂರ್ಣ ಕಚೇರಿಯೊಂದಕ್ಕಾಗಿ ಕೂಡಿದಾಗ ಡ್ರಮ್ಮಿನ ಹಿಂದೆ ಕುಳಿತವನು ಜೇಸನ್.