ಚಳಿಗಾಲವಿಲ್ಲದ ಊರಿನ ದ್ರಾಕ್ಷಿ

ಕುಣಿಗಲ್ಲಿನ ಅಜ್ಜಿಯ ಮನೆ ಹಿತ್ತಿಲಲ್ಲಿ ಒಂದು ದ್ರಾಕ್ಷಿ ಚಪ್ಪರವಿದೆ. ನಾಲ್ಕು ಕಲ್ಲುಕಂಬ, ಮೇಲೆ ತಂತಿ. ಬಚ್ಚಲ ನೀರು ಹರಿಯುವ ಕಡೆ ತಾತ ನೆಟ್ಟ ಬಳ್ಳಿ ಅದು. ನಾನು ಚಿಕ್ಕವಳಿದ್ದಾಗ ಕಪ್ಪು ಗೊಂಚಲುಗಳು ದೊಡ್ಡವರ ತಲೆಗೆ ತಾಗುತ್ತಿದ್ದವು. ತಾತ ತೀರಿಕೊಂಡ ಮೇಲೆ ಬಳ್ಳಿ ಹೆಂಚಿನ ಮೇಲೂ ಹಬ್ಬಿತು, ಆದರೆ ಹಣ್ಣು ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋಯಿತು. ಯಾರಾದರೂ ಸವರಲು ಹೋದರೆ ಅಜ್ಜಿ, "ಅವರು ನೆಟ್ಟಿದ್ದು, ಕುಡುಗೋಲು ತಾಗಿಸಬೇಡಿ" ಎನ್ನುತ್ತಿದ್ದರು.

ತುಮಕೂರಿನ ಬಾಡಿಗೆ ಕೋಣೆಯಲ್ಲಿ ಕೂತು, ಪಿಎಚ್.ಡಿ.ಗಾಗಿ ಈ ಸೀಮೆಯ ಹಳೆಯ ಸಂತೆಗಳ ಬಗ್ಗೆ ಓದುತ್ತಿದ್ದಾಗ ಆ ಬಳ್ಳಿಯನ್ನು ನೆನಪಿಸಿದವನು ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದವನು. ಗುಬ್ಬಿಗೂ ಬಂದು ಅಲ್ಲಿನ ಸಂತೆ, ಅಡಿಕೆ ತೋಟಗಳ ಬಗ್ಗೆ ಬರೆದ. ಅದೇ ಪ್ರವಾಸದಲ್ಲಿ ಬೆಂಗಳೂರಿನ ಸುಲ್ತಾನರ ತೋಟಗಳನ್ನು ನೋಡಿ, ಅಲ್ಲಿ ದ್ರಾಕ್ಷಿ ಹುಲುಸಾಗಿ ಬೆಳೆಯುತ್ತದೆ ಎಂದು ದಾಖಲಿಸಿದ. ಅವನ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು.

ನಮ್ಮ ಬಳ್ಳಿ ಟಿಪ್ಪುವಿನ ತೋಟದ ಸಂತತಿಯೇ ಇರಬಹುದೆಂದು ಒಂದು ವಾರ ಹಿಗ್ಗಿದೆ. ಅದು ತಪ್ಪು. ನಮ್ಮದು ಬೆಂಗಳೂರು ಬ್ಲೂ: ದಪ್ಪ ಸಿಪ್ಪೆ, ಬೀಜ, ಕೈಗೆ ಅಂಟಿಕೊಳ್ಳುವ ಘಮ. ಅದು ಅಮೆರಿಕದ ಇಸಬೆಲ್ಲಾ ತಳಿಯ ಬಳಗದ್ದು, ಮತ್ತು ಇಸಬೆಲ್ಲಾ ಹೆಸರು ಪಡೆದದ್ದೇ ಬುಕಾನನ್ ಬಂದುಹೋದ ಮೇಲೆ. ಅಂದರೆ ನಮ್ಮ ಹಿತ್ತಿಲಿಗೆ ಈ ಹಣ್ಣು ಬಂದದ್ದು ಬ್ರಿಟಿಷರ ಕಾಲದ ದಾರಿಯಲ್ಲಿ. ರೋಗಕ್ಕೆ ಸುಲಭವಾಗಿ ಬಗ್ಗದ್ದರಿಂದ ಔಷಧಿ ಹೊಡೆಯದ ಮನೆಗಳಲ್ಲೂ ಬದುಕಿತು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಹಾಗಾದರೆ ತಾತನ ಜೊತೆಗೇ ಹಣ್ಣು ನಿಂತದ್ದೇಕೆ? ಸುಳಿವು ಸಿಕ್ಕಿದ್ದು ಇನ್ನೂ ಹಳೆಯ ಪ್ರವಾಸಿಯಲ್ಲಿ. 14ನೇ ಶತಮಾನದಲ್ಲಿ ದಖ್ಖನ್ನಿನ ದೌಲತಾಬಾದಿಗೆ ಬಂದ ಇಬ್ನ್ ಬತೂತ, ಅಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆರಡು ಫಸಲು ಕೊಡುತ್ತವೆ ಎಂದು ಬರೆದಿದ್ದಾನೆ. ಚಳಿನಾಡಿನ ದ್ರಾಕ್ಷಿ ಹಿಮ ಬಿದ್ದಾಗ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಎದ್ದು ಹೊಸ ಚಿಗುರಿನಲ್ಲಿ ಹೂ ಕಟ್ಟುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಬಿಟ್ಟರೆ ತುದಿಯಲ್ಲಿ ಬೆಳೆಯುತ್ತಲೇ ಹೋಗುತ್ತದೆ, ಕೆಳಗಿನ ಕಣ್ಣುಗಳು ಒಡೆಯುವುದಿಲ್ಲ. ಇಲ್ಲಿ ಚಳಿಗಾಲದ ಕೆಲಸ ಮಾಡಬೇಕಾದದ್ದು ಕತ್ತರಿ. ಬಲಿತ ಕಡ್ಡಿಯನ್ನು ಕೆಲವು ಕಣ್ಣು ಉಳಿಸಿ ಕತ್ತರಿಸಿದರೆ ಆ ಕಣ್ಣುಗಳು ಒಡೆದು ಗೊಂಚಲು ತರುತ್ತವೆ. ದೌಲತಾಬಾದಿನಲ್ಲೂ ಯಾರದೋ ಕೈ ಹೀಗೆ ಕತ್ತರಿಸಿರಬೇಕು ಎಂಬುದು ನನ್ನ ಊಹೆ. ಇಬ್ನ್ ಬತೂತ ಹಣ್ಣನ್ನು ಬರೆದ, ಆ ಕೈಯನ್ನಲ್ಲ.

ಗುಬ್ಬಿಯ ಅತ್ತೆಯ ಮನೆಯಲ್ಲಿ ಸಿಕ್ಕ ಹಿರಿಯರೊಬ್ಬರು ಹಿಂದೆ ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದವರು. ನಾನು ಪುಸ್ತಕ ಹುಡುಕಿ ಕಲಿತದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು: "ಏಪ್ರಿಲ್‌ಗೊಂದು ಸಲ, ಅಕ್ಟೋಬರ್‌ಗೊಂದು ಸಲ ಕೊಯ್ಯದಿದ್ರೆ ಅದು ಬರೀ ನೆರಳು."

ಅಜ್ಜಿಗೆ ಇದನ್ನು ಹೇಗೆ ಹೇಳುವುದು? ಅಳುಕುತ್ತಲೇ ಕೇಳಿದೆ, ತಾತ ಬಳ್ಳಿಯನ್ನು ಸವರುತ್ತಿದ್ದರಾ? ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. "ಯುಗಾದಿ ಆದ್ಮೇಲೊಂದ್ಸಲ, ದಸರಾ ಆದ್ಮೇಲೊಂದ್ಸಲ ಹುಚ್ಚು ಹಿಡಿದವರ ಹಾಗೆ ಕತ್ತರಿಸಿ ಬೋಳು ಮಾಡೋರು. ಏನೋ ಸಿಟ್ಟು ತೀರಿಸ್ಕೋತಾರೆ ಅಂದ್ಕೊಂಡಿದ್ದೆ."

ಮೂರು ಸಂಪುಟಗಳಲ್ಲಿ ಸಿಗದ ದಾಖಲೆ ಆ ಅಡುಗೆಮನೆಯಲ್ಲಿತ್ತು. ನಾನೇ ಅಷ್ಟು ವರ್ಷ ಕೇಳಿರಲಿಲ್ಲ.

ಕಳೆದ ಅಕ್ಟೋಬರ್‌ನಲ್ಲಿ ಕತ್ತರಿ ಹಿಡಿದೆ. ಕತ್ತರಿಸಿದ ತುದಿಗಳಿಂದ ನೀರು ತೊಟ್ಟಿಕ್ಕಿದ್ದು ಕಂಡು ಅಜ್ಜಿ ಒಳಗೆ ಹೋದರು. ಎರಡು ವಾರ ಕಳೆಯುವಷ್ಟರಲ್ಲಿ ಕಣ್ಣೊಡೆದವು. ಮಾರ್ಚ್‌ನಲ್ಲಿ ಹದಿಮೂರು ಗೊಂಚಲು ಇಳಿಸಿದೆವು. ಮೊದಲನೆಯದನ್ನು ಅಜ್ಜಿ ತಾತನ ಫೋಟೋ ಮುಂದಿಟ್ಟರು.

ನನ್ನ ಮಹಾಪ್ರಬಂಧದಲ್ಲಿ ದ್ರಾಕ್ಷಿಗೆ ಜಾಗವಿಲ್ಲ. ಆದರೆ ಯುಗಾದಿ ಮುಗಿದ ವಾರ ಅಜ್ಜಿಯೇ ಫೋನ್ ಮಾಡಿದರು: "ಸವರೋದಕ್ಕೆ ಯಾವಾಗ ಬರ್ತೀಯ?"